ಇತಿಹಾಸ ಓದಿದವರು ಬಿಸಿನೆಸ್ ಅನಲಿಟಿಕ್ಸ್‌ಗೆ ಹೋಗಬಹುದೇ?

ಸಾಗರ ತಾಲ್ಲೂಕಿನಿಂದ ಓದುಗಿಯೊಬ್ಬರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಕಾಗದದ ಮುಖ್ಯ ಭಾಗ ಇಷ್ಟು:

"ನನಗೆ 24 ವರ್ಷ. ಬಿಎ ಆಗಿದೆ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದಿದ್ದೆ, 58 ಪರ್ಸೆಂಟ್ ಬಂತು. ಎರಡು ವರ್ಷದಿಂದ ಒಂದು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಯಾವ ರೈತರಿಗೆ ಎಷ್ಟು ಮುಂಗಡ ಹೋಗಿದೆ, ಎಷ್ಟು ಬಾಕಿ ಇದೆ ಅಂತ ಒಂದೇ ಕಡೆ ಕಾಣುವ ಹಾಗೆ ಎಕ್ಸೆಲ್‌ನಲ್ಲಿ ಹಾಳೆ ಮಾಡಿಟ್ಟೆ. ಈಗ ಸಾಹುಕಾರರು ಪುಸ್ತಕ ತೆಗೆಯುವುದೇ ಇಲ್ಲ, ನನ್ನನ್ನೇ ಕೇಳುತ್ತಾರೆ. ಆ ಕೆಲಸ ಮಾಡುವಾಗ ಸಿಕ್ಕಿದ ಖುಷಿ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ಅದಕ್ಕೇ ಮುಂದೆ ಓದಬೇಕು ಅನ್ನಿಸಿದೆ. ಬಿಸಿನೆಸ್ ಅನಲಿಟಿಕ್ಸ್‌ನಲ್ಲಿ ಎಂಬಿಎ ಮಾಡಲಾ, ಎಂಸಿಎ ಮಾಡಲಾ? ಒಂದು ಆನ್‌ಲೈನ್ ಕಂಪನಿಯವರು 3 ಲಕ್ಷದ ಪಿಜಿ ಪ್ರೋಗ್ರಾಂ ಇದೆ, ಇವತ್ತು ರಾತ್ರಿಯೊಳಗೆ ಸೇರಿದರೆ ಅರ್ಧ ರಿಯಾಯಿತಿ ಅಂತ ದಿನಾ ಫೋನ್ ಮಾಡುತ್ತಾರೆ. ಚಿಕ್ಕಪ್ಪನ ಮಗ ಇಂಗ್ಲೆಂಡಿಗೆ ಬಾ ಅಂತಾನೆ. ಅಪ್ಪ ಬಿಎಡ್ ಮಾಡು ಅಂತಾರೆ. ಪಿಯುಸಿಯಲ್ಲಿ ನನಗೆ ಗಣಿತ ಇರಲಿಲ್ಲ. ನಾನು ದಾರಿ ತಪ್ಪುತ್ತಿದ್ದೇನಾ?"

ಇಲ್ಲ, ತಪ್ಪುತ್ತಿಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. ಆದರೆ ನೀವು ಕೇಳಿರುವ ಕ್ರಮ ತಿರುಗುಮುರುಗಾಗಿದೆ. ಯಾವ ಕೋರ್ಸು ಅಂತ ಆರಂಭಿಸಿದ್ದೀರಿ. ಆ ಕೋರ್ಸಿನಲ್ಲಿ ದಿನಾ ಕೂತು ಏನು ಮಾಡಬೇಕು ಎನ್ನುವುದು ಕಾಗದದಲ್ಲಿ ಎಲ್ಲೂ ಇಲ್ಲ. ಅಲ್ಲಿಂದ ಶುರು ಮಾಡೋಣ.

ಬಿಸಿನೆಸ್ ಅನಲಿಟಿಕ್ಸ್ ಅಂದರೆ ವ್ಯಾಪಾರದ ಅಂಕಿಅಂಶ ಏನು ಹೇಳುತ್ತದೆ ಅಂತ ಹುಡುಕಿ, ಮುಂದೇನು ಮಾಡಬೇಕು ಅಂತ ತಿಳಿಯುವ ವಿದ್ಯೆ. ಯಾವುದಾದರೂ ವಿಶ್ವವಿದ್ಯಾಲಯದಲ್ಲಿ ಅದರ ಪಠ್ಯಪಟ್ಟಿ ತೆರೆದು ನೋಡಿ. ಲೆಕ್ಕಪತ್ರ, ಮಾರ್ಕೆಟಿಂಗ್, ಹಣಕಾಸು ಇದ್ದೇ ಇರುತ್ತವೆ. ಅವುಗಳ ನಡುವೆ ಸಂಖ್ಯಾಶಾಸ್ತ್ರ ಇರುತ್ತದೆ: ಸಂಭವನೀಯತೆ, ಸ್ಯಾಂಪಲ್, ರಿಗ್ರೆಷನ್ (ಒಂದು ಅಂಕಿ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನುವ ಅಂದಾಜು). ಅದಾದ ಮೇಲೆ ಡೇಟಾಬೇಸು, ಅದರಿಂದ ಮಾಹಿತಿ ಕೇಳಿ ತೆಗೆಯುವ ಭಾಷೆ ಎಸ್‌ಕ್ಯೂಎಲ್, ಒಂದಿಷ್ಟು ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ. ಹೆಸರು ಕೇಳಿ ಗಾಬರಿಯಾಗಬೇಡಿ. ಇದರಲ್ಲಿ ಅರ್ಧದಷ್ಟನ್ನು ನೀವು ಮಂಡಿಯಲ್ಲಿ ಕೂತು ಬೇರೆ ಹೆಸರಿನಲ್ಲಿ ಮಾಡಿದ್ದೀರಿ.

ಒಂದು ಉದಾಹರಣೆ ಕೊಡುತ್ತೇನೆ. ಒಂದು ದಿನ ನಿಮ್ಮ ಮಂಡಿಗೆ ರಾಶಿ ಅನ್ನುವ ಬಗೆಯ ಅಡಿಕೆಯ ಐದು ಲಾಟು ಬಂತು ಅಂದುಕೊಳ್ಳಿ. ನಾಲ್ಕಕ್ಕೆ ಕ್ವಿಂಟಾಲಿಗೆ 48,000 ರೂಪಾಯಿ ಸಿಕ್ಕಿತು. ಒಂದು ಲಾಟಿಗೆ ಮಳೆ ಹೊಡೆದು ಬಣ್ಣ ಕೆಟ್ಟಿತ್ತು, 30,000ಕ್ಕೆ ಹೋಯಿತು. ಸರಾಸರಿ ತೆಗೆದರೆ 44,400 ಬರುತ್ತದೆ. ಆದರೆ ಆ ದಿನ 44,400 ಯಾರ ಕೈಗೂ ಬಂದಿಲ್ಲ! ಐದೂ ದರವನ್ನು ಸಾಲಾಗಿ ಜೋಡಿಸಿ ನಡುವಿನದ್ದನ್ನು ಎತ್ತಿದರೆ 48,000 ಸಿಗುತ್ತದೆ. ಅದಕ್ಕೆ ಮೀಡಿಯನ್ ಅಂತಾರೆ, ಕನ್ನಡದ ಪಠ್ಯಗಳಲ್ಲಿ ಮಧ್ಯಾಂಕ. "ಇವತ್ತು ರಾಶಿ ಹೇಗೆ ಹೋಯ್ತು?" ಅಂತ ರೈತರು ಕೇಳಿದರೆ ಯಾವ ಅಂಕಿ ಹೇಳುವುದು ನ್ಯಾಯ ಅಂತ ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಮೊದಲ ಸೆಮಿಸ್ಟರಿನ ಸಂಖ್ಯಾಶಾಸ್ತ್ರ ಶುರುವಾಗುವುದೇ ಇಲ್ಲಿಂದ.

ಎಸ್‌ಕ್ಯೂಎಲ್ ಕೂಡ ಅಷ್ಟೇ. ಕೀರ್ದಿಯಲ್ಲಿ, ಅಂದರೆ ದಿನದ ಲೆಕ್ಕದ ಪುಸ್ತಕದಲ್ಲಿ, ಬರೆದದ್ದನ್ನು ಆಯಾ ರೈತರ ಖಾತೆಗೆ ಎತ್ತುತ್ತೀರಲ್ಲ, ಆಗ ಎರಡೂ ಪುಸ್ತಕದಲ್ಲಿ ಹೆಸರು ಕೂಡಿಸಿ ನೋಡುತ್ತೀರಿ. ಕಂಪ್ಯೂಟರಿನ ಭಾಷೆಯಲ್ಲಿ ಅದೇ ಜಾಯಿನ್. ಒಂದು ಕಡೆ ಹೆಸರಿದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಏನಾಗುತ್ತದೆ ಅಂತ ಲೆಕ್ಕ ಹೊಂದದೆ ರಾತ್ರಿ ಎಂಟರ ತನಕ ಕೂತವರಿಗೆ ಚೆನ್ನಾಗಿ ಗೊತ್ತಿರುತ್ತದೆ.

ಇತಿಹಾಸ, ಕನ್ನಡ ಓದಿದ್ದು ವ್ಯರ್ಥವಾಯಿತೇ ಅಂತ ಕಾಗದದ ಕೊನೆಗೆ ಕೇಳಿದ್ದೀರಿ. ನಮ್ಮ ಕಚೇರಿಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಚಂದಾದಾರರ ಪಟ್ಟಿಯನ್ನು ಕಾರ್ಡುಗಳಿಂದ ಕಂಪ್ಯೂಟರಿಗೆ ಏರಿಸಿದಾಗ ಒಬ್ಬರಿಗೇ ಎರಡು ಮೂರು ಪ್ರತಿ ಹೋಗತೊಡಗಿತು. ತಂತ್ರಾಂಶ ಮಾಡಿದವರು ಎರಡು ವಾರ ಹುಡುಕಿದರು, ಸಿಗಲಿಲ್ಲ. ಚಂದಾ ವಿಭಾಗದಲ್ಲಿ ಕನ್ನಡ ಎಂಎ ಮಾಡಿದ ಹುಡುಗಿಯೊಬ್ಬಳಿದ್ದಳು. ಅವಳು ಪಟ್ಟಿಯನ್ನು ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಕೂತಳು. ಒಂದು ಕಡೆ "ಲಕ್ಷ್ಮಿ", ಇನ್ನೊಂದು ಕಡೆ "ಲಕ್ಷ್ಮೀ". ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ. ಮನೆ ಹೆಸರು ಒಮ್ಮೆ ಇದೆ, ಒಮ್ಮೆ ಇಲ್ಲ. ಯಂತ್ರಕ್ಕೆ ಇವರೆಲ್ಲ ಬೇರೆ ಬೇರೆ ಮನುಷ್ಯರು. ನಮ್ಮ ಜನ ಹೆಸರು ಹೇಗೆಲ್ಲ ಬರೆಯುತ್ತಾರೆ ಅಂತ ಗೊತ್ತಿದ್ದವಳಿಗೆ ಒಬ್ಬರೇ ಅಂತ ಕಂಡಿತು. ಅವಳು ಬರೆದುಕೊಟ್ಟ ನಿಯಮಗಳನ್ನೇ ಆಮೇಲೆ ತಂತ್ರಾಂಶಕ್ಕೆ ಸೇರಿಸಿದರು. ದಾಖಲೆ ಯಾರು ಬರೆದರು, ಯಾಕೆ ಹಾಗೆ ಬರೆದರು ಅಂತ ಅನುಮಾನಪಟ್ಟು ನೋಡುವುದನ್ನೇ ನೀವು ಮೂರು ವರ್ಷ ಇತಿಹಾಸದ ತರಗತಿಯಲ್ಲಿ ಕಲಿತದ್ದು, ಅಲ್ವಾ?

ಆದರೆ ಗಣಿತದ ಕೊರತೆಯನ್ನು ಮುಚ್ಚಿಟ್ಟು ಧೈರ್ಯ ಹೇಳಿದರೆ ನಿಮಗೆ ಮೋಸ ಮಾಡಿದ ಹಾಗಾಗುತ್ತದೆ. ಅದನ್ನು ಸೇರುವ ಮೊದಲೇ ತುಂಬಿಕೊಳ್ಳಬೇಕು. ಸೇರಿದ ಮೇಲೆ ಪುರುಸೊತ್ತು ಸಿಗುವುದಿಲ್ಲ. ನನ್ನ ಸಲಹೆ ಇದು. ಯಾರಿಗೂ ಒಂದು ರೂಪಾಯಿ ಕಟ್ಟುವ ಮೊದಲು ಮೂರು ತಿಂಗಳು ಮನೆಯಲ್ಲೇ ಓದಿ. ಹತ್ತಿರದ ಪಿಯು ಕಾಲೇಜಿನಲ್ಲಿ ವಾಣಿಜ್ಯ ವಿಭಾಗದ ಸಂಖ್ಯಾಶಾಸ್ತ್ರದ ಪುಸ್ತಕ ಕೇಳಿ ತನ್ನಿ. ಅದನ್ನು ಮೊದಲಿಂದ ಕೊನೆತನಕ ಪೆನ್ನು ಹಿಡಿದೇ ಮಾಡಿ. ಐಐಟಿಗಳು ಮತ್ತು ಐಐಎಸ್ಸಿ ಸೇರಿ ನಡೆಸುವ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ಪಾಠಗಳನ್ನು ಪುಕ್ಕಟೆಯಾಗಿ ನೋಡಬಹುದು, ಪ್ರಮಾಣಪತ್ರದ ಪರೀಕ್ಷೆ ಬೇಕಾದರೆ ಮಾತ್ರ ಶುಲ್ಕ. ಜೊತೆಗೆ ಮಂಡಿಯ ಒಂದು ವರ್ಷದ ದರಗಳನ್ನು ಸಾಹುಕಾರರ ಅನುಮತಿ ಕೇಳಿ ತೆಗೆದುಕೊಳ್ಳಿ, ರೈತರ ಹೆಸರು ಬಿಟ್ಟು. ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಬಗೆಗಳನ್ನು ಬೇರೆ ಬೇರೆ ಮಾಡಿ, ತಿಂಗಳಿಂದ ತಿಂಗಳಿಗೆ ಹೇಗೆ ಏರಿಳಿದಿದೆ ನೋಡಿ. ಮೂರು ತಿಂಗಳಾದ ಮೇಲೂ ಬೆಳಿಗ್ಗೆ ಎದ್ದ ತಕ್ಷಣ ಆ ಹಾಳೆ ತೆಗೆಯಬೇಕು ಅನ್ನಿಸಿದರೆ ಮುಂದೆ ಹೋಗಿ. ಅನ್ನಿಸದಿದ್ದರೆ ನಿಮ್ಮ ದುಡ್ಡು, ಎರಡು ವರ್ಷ, ಎರಡೂ ಉಳಿದವು. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಈಗ ಕೋರ್ಸುಗಳಿಗೆ ಬರೋಣ.

ಎಂಸಿಎ, ಅಂದರೆ ಕಂಪ್ಯೂಟರ್ ಅಪ್ಲಿಕೇಷನ್‌ನ ಸ್ನಾತಕೋತ್ತರ ಪದವಿ, ಮೊದಲು. 2020–21ರಿಂದ ಇದು ಎರಡೇ ವರ್ಷದ ಕೋರ್ಸು, ಮುಂಚೆ ಮೂರಿತ್ತು. ಪಿಯುಸಿಯಲ್ಲಿ ಅಥವಾ ಪದವಿಯಲ್ಲಿ ಗಣಿತ ಓದಿರಬೇಕು ಅಂತ ಕೇಳುವುದು ರೂಢಿ. ಕಂಪ್ಯೂಟರ್ ಓದದೇ ಬಂದವರಿಗೆ ಬ್ರಿಡ್ಜ್ ಕೋರ್ಸು ಬೇರೆ ಇರುತ್ತದೆ. ನೀವು ಅರ್ಜಿ ಹಾಕುವ ವರ್ಷದ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೈಪಿಡಿಯಲ್ಲಿ ಅರ್ಹತೆಯ ಪುಟ ನೋಡಿಕೊಳ್ಳಿ. ಆದರೆ ನಿಮ್ಮ ಕಾಗದ ಓದಿದರೆ ನಿಮಗೆ ಬೇಕಾಗಿರುವುದು ತಂತ್ರಾಂಶ ಕಟ್ಟುವ ಕೆಲಸ ಅಲ್ಲ ಅಂತ ನನಗೆ ಅನ್ನಿಸುತ್ತದೆ. ವ್ಯಾಪಾರದ ಲೆಕ್ಕ ಏನು ಹೇಳುತ್ತಿದೆ ಅಂತ ಹುಡುಕುವುದು ನಿಮ್ಮ ಖುಷಿ. ಎಂಸಿಎ ಬಿಟ್ಟುಬಿಡಿ.

ಎಂಬಿಎಗೆ ಯಾವ ಪದವಿಯಾದರೂ ನಡೆಯುತ್ತದೆ. ಸಾಮಾನ್ಯ ವರ್ಗದವರಿಗೆ 50 ಪರ್ಸೆಂಟ್ ಸಾಕು, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 45. ನಿಮಗೆ 58 ಇದೆ. ಕೆಇಎ ನಡೆಸುವ ಪಿಜಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆಯಿರಿ. 100 ಪ್ರಶ್ನೆ, 100 ಅಂಕ. ಇಂಗ್ಲಿಷ್, ಸಾಮಾನ್ಯ ಜ್ಞಾನ, ತರ್ಕ, ಲೆಕ್ಕ ಬರುತ್ತವೆ. ಲೆಕ್ಕ ಹತ್ತನೇ ತರಗತಿಯ ಮಟ್ಟದ ಶೇಕಡಾ, ಬಡ್ಡಿ, ಅನುಪಾತದ ಸುತ್ತಲೇ ಜಾಸ್ತಿ ಓಡಾಡುತ್ತದೆ. ಮಂಡಿಯಲ್ಲಿ ದಲಾಲಿ, ಬಡ್ಡಿ ಹಾಕಿದ ಕೈಗೆ ಇದು ಹೊಸದಲ್ಲ. ನಿಮಗೆ ಹತ್ತಿರದಲ್ಲೇ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಬಿಎ ಇದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಸಂಸ್ಥೆ, ಮೈಸೂರಿನಲ್ಲಿ ವಿಶ್ವವಿದ್ಯಾಲಯದ್ದೇ ಬಹದ್ದೂರ್ ಸಂಸ್ಥೆ ಇವೆ. ಸರ್ಕಾರಿ ವಿಶ್ವವಿದ್ಯಾಲಯದ ಸೀಟಿನ ಫೀಸಿಗೂ ದೊಡ್ಡ ಬೋರ್ಡು ಹಾಕಿಕೊಂಡ ಖಾಸಗಿ ಕಾಲೇಜಿನ ಫೀಸಿಗೂ ಅಜಗಜಾಂತರ. ಮೊದಲ ವರ್ಷ ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಪಾಠ. ಎರಡನೇ ವರ್ಷಕ್ಕೆ ಐಚ್ಛಿಕ ವಿಷಯ ಆರಿಸಿಕೊಳ್ಳುವಾಗ ಅನಲಿಟಿಕ್ಸ್ ಇದೆಯಾ, ಇದ್ದರೆ ಕಲಿಸುವವರು ಯಾರು, ಲ್ಯಾಬ್ ಇದೆಯಾ ಅಂತ ಖುದ್ದಾಗಿ ಹೋಗಿ ಕೇಳಿ. ಅಲ್ಲಿ ಓದುತ್ತಿರುವ ಸೀನಿಯರ್‌ಗಳನ್ನು ಕ್ಯಾಂಟೀನಿನಲ್ಲಿ ಹಿಡಿದು ಮಾತಾಡಿಸಿ, ನಿಜ ಗೊತ್ತಾಗುತ್ತದೆ.

ಐಐಎಂ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್) ಕನಸು ಇದ್ದರೆ ಕ್ಯಾಟ್ ಅನ್ನುವ ಪ್ರವೇಶ ಪರೀಕ್ಷೆ ಬರೆಯಬೇಕು. ಪ್ರತಿ ವರ್ಷ ನವೆಂಬರ್ ಕೊನೆಗೆ ನಡೆಯುತ್ತದೆ. ಮೂರು ವಿಭಾಗ, ಒಂದೊಂದಕ್ಕೆ 40 ನಿಮಿಷ. ಎಂಜಿನಿಯರಿಂಗ್ ಓದದವರಿಗೆ ಕೆಲವು ಐಐಎಂಗಳು ಆಯ್ಕೆಯಲ್ಲಿ ಒಂದಿಷ್ಟು ಅಂಕ ಕೊಡುತ್ತವೆ. ತಯಾರಿಗೆ ಒಂದು ವರ್ಷ ಇಟ್ಟುಕೊಳ್ಳಿ. ಐಐಎಂ ಕಲ್ಕತ್ತಾ, ಐಐಟಿ ಖರಗಪುರ, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್ ಮೂರೂ ಸೇರಿ 2015ರಿಂದ ನಡೆಸುತ್ತಿರುವ ಪಿಜಿಡಿಬಿಎ ಅಂತ ಬಿಸಿನೆಸ್ ಅನಲಿಟಿಕ್ಸ್‌ನದೇ ಸ್ನಾತಕೋತ್ತರ ಡಿಪ್ಲೊಮಾ ಒಂದಿದೆ, ಬಹಳ ಹೆಸರು ಮಾಡಿದೆ. ಆದರೆ ಅದು ಗಣಿತದ ಗಟ್ಟಿ ಬುನಾದಿ ಇದ್ದವರಿಗೆ, ಈಗಲೇ ನಿಮಗೆ ಹೇಳಲಾರೆ. ಆ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟನ್ನು 1931ರಲ್ಲಿ ಕಟ್ಟಿದ ಮಹಲನೋಬಿಸ್ ಓದಿದ್ದು ಭೌತಶಾಸ್ತ್ರ. ಅವರ ದೊಡ್ಡ ಕೆಲಸಗಳಲ್ಲಿ ಒಂದು ಬಂಗಾಳದ ಸೆಣಬಿನ ಬೆಳೆಯ ಅಂದಾಜು. ಅಡಿಕೆಯ ಲೆಕ್ಕದಿಂದ ಈ ವಿದ್ಯೆಗೆ ಬರುತ್ತಿರುವ ನಿಮಗೆ ಇದನ್ನು ಹೇಳಬೇಕು ಅನ್ನಿಸಿತು.

ಆ ಆನ್‌ಲೈನ್ ಕಂಪನಿಯ ಬಗ್ಗೆ ಖಂಡತುಂಡವಾಗಿ ಹೇಳುತ್ತೇನೆ: ಇವತ್ತು ರಾತ್ರಿ ಕಟ್ಟಬೇಡಿ. ನಾಳೆ ರಾತ್ರಿಯೂ ಬೇಡ. "ಪಿಜಿ ಪ್ರೋಗ್ರಾಂ" ಅಂದ ಮಾತ್ರಕ್ಕೆ ಅದು ಸ್ನಾತಕೋತ್ತರ ಪದವಿ ಆಗುವುದಿಲ್ಲ. ಹಲವು ಬಾರಿ ಅದು ಬರೀ ಪ್ರಮಾಣಪತ್ರ. ಪದವಿ ಕೊಡುವವರು ಯಾವ ವಿಶ್ವವಿದ್ಯಾಲಯ ಅಂತ ಕೇಳಿ, ಆ ಹೆಸರು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) ದೂರಶಿಕ್ಷಣ ವಿಭಾಗದ ಪಟ್ಟಿಯಲ್ಲಿ ಇದೆಯಾ ಅಂತ ನೀವೇ ನೋಡಿ. ಪಟ್ಟಿಯಲ್ಲಿರುವ ವಿಶ್ವವಿದ್ಯಾಲಯದ ಆನ್‌ಲೈನ್ ಪದವಿ ರೆಗ್ಯುಲರ್ ಪದವಿಗೆ ಸಮ ಅಂತ ಯುಜಿಸಿ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಆನ್‌ಲೈನ್ ಅನ್ನುವುದೇ ತಪ್ಪಲ್ಲ. ಇನ್ನೊಂದು ವಿಷಯ, ಅವರು ಹೇಳುವ ಸುಲಭ ಕಂತು ಸಾಮಾನ್ಯವಾಗಿ ನಿಮ್ಮ ಹೆಸರಿನಲ್ಲಿ ಫೈನಾನ್ಸ್ ಕಂಪನಿ ಕೊಡುವ ಸಾಲ. ನೀವು ನಡುವೆ ಪಾಠ ಬಿಟ್ಟರೂ ಕಂತು ಬಿಡುವುದಿಲ್ಲ. ಸಹಿ ಹಾಕುವ ಮುಂಚೆ ಆ ಕಾಗದವನ್ನು ಗೊತ್ತಿದ್ದವರಿಗೆ ತೋರಿಸಿ.

ಸಾಲ ಬೇಕೇ ಬೇಕಾದರೆ ಬ್ಯಾಂಕಿನ ಶಿಕ್ಷಣ ಸಾಲ ಕೇಳಿ, ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು. ಕೋರ್ಸು ಮುಗಿದು ಒಂದು ವರ್ಷದ ತನಕ ಸಾಮಾನ್ಯವಾಗಿ ಕಂತು ಕೇಳುವುದಿಲ್ಲ, ಬಡ್ಡಿ ಮಾತ್ರ ಬೆಳೆಯುತ್ತಿರುತ್ತದೆ. 10 ಲಕ್ಷವನ್ನು 10 ಪರ್ಸೆಂಟ್ ಬಡ್ಡಿಗೆ ತೆಗೆದು 7 ವರ್ಷದಲ್ಲಿ ತೀರಿಸಬೇಕಾದರೆ ತಿಂಗಳಿಗೆ ಸುಮಾರು 16,600 ರೂಪಾಯಿ. ಓದುವಾಗ ಬೆಳೆದ ಬಡ್ಡಿ ಇದರಲ್ಲಿ ಸೇರಿಲ್ಲ. ಮೊದಲ ಕೆಲಸದಲ್ಲಿ ಕೈಗೆ 30,000 ಬಂದರೆ ಅರ್ಧಕ್ಕಿಂತ ಜಾಸ್ತಿ ಅಲ್ಲೇ ಹೋಯಿತು. ಈ ಲೆಕ್ಕವನ್ನು ಅಪ್ಪನ ಜೊತೆ ಕೂತೇ ಹಾಕಿ.

ಇಂಗ್ಲೆಂಡ್ ಈಗ ಬೇಡ ಅನ್ನುತ್ತೇನೆ. ಬೇರೆ ವಿಷಯ ಓದಿ ಬಂದವರಿಗಾಗಿಯೇ ಅಲ್ಲಿ ಒಂದು ವರ್ಷದ ಎಂಎಸ್ಸಿಗಳಿವೆ ನಿಜ. ಆದರೆ ಫೀಸು, ಊಟ, ವಸತಿ ಸೇರಿ 20 ಲಕ್ಷ ದಾಟುವುದು ಮಾಮೂಲು. ಓದು ಮುಗಿದ ಮೇಲೆ ಕೆಲಸ ಹುಡುಕಲು ಕೊಡುತ್ತಿದ್ದ ಎರಡು ವರ್ಷವನ್ನು 2027ರಿಂದ 18 ತಿಂಗಳಿಗೆ ಇಳಿಸುತ್ತಿದ್ದಾರೆ.

ಅಪ್ಪನ ಬಿಎಡ್ ಮಾತನ್ನು ಹಳೇ ಕಾಲದ್ದು ಅಂತ ತಳ್ಳಿಹಾಕಬೇಡಿ. ಊರ ಹತ್ತಿರ ಇರಲಿ, ಸರ್ಕಾರಿ ಕೆಲಸ ಸಿಗಲಿ, ಮಗಳು ಸಾಲದಲ್ಲಿ ಬೀಳದಿರಲಿ ಅನ್ನುವ ಆಸೆ ಅದು. ಅವರನ್ನು ಒಂದು ದಿನ ಮಂಡಿಗೆ ಕರೆದುಕೊಂಡು ಹೋಗಿ, ನಿಮ್ಮ ಎಕ್ಸೆಲ್ ಹಾಳೆ ತೋರಿಸಿ. ಸಾಹುಕಾರರು ನಿಮ್ಮನ್ನು ಲೆಕ್ಕ ಕೇಳುವುದನ್ನು ಅವರು ಕಣ್ಣಾರೆ ನೋಡಲಿ.

ಕೊನೆಗೆ, ನೀವು ಕಾಗದದ ಜೊತೆ ಇಟ್ಟ ಖಾಸಗಿ ಕಾಲೇಜಿನ ಬ್ರೋಷರ್. ಪೂರ್ತಿ ಓದಿದೆ. ಸರಾಸರಿ ಸಂಬಳ ಇಷ್ಟು ಅಂತ ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ. ಅಡಿಕೆಯ ಐದು ಲಾಟಿನ ಲೆಕ್ಕ ನೆನಪಿದೆಯಲ್ಲ? ಇಲ್ಲಿ ಅದು ತಿರುಗಿ ಕೆಲಸ ಮಾಡುತ್ತದೆ. ಒಬ್ಬನಿಗೆ 40 ಲಕ್ಷ ಸಿಕ್ಕಿದರೆ ಎಲ್ಲರ ಸರಾಸರಿಯೂ ಮೇಲೇರುತ್ತದೆ. ಅವರಿಗೆ ಫೋನ್ ಮಾಡಿ ಮೀಡಿಯನ್ ಸಂಬಳ ಎಷ್ಟು, ಬಿಎ ಓದಿ ಬಂದವರಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಯಾವ ಕೆಲಸ ಅಂತ ಕೇಳಿ. 24 ಪುಟದ ಆ ಬ್ರೋಷರಿನಲ್ಲಿ ಪಠ್ಯಪಟ್ಟಿ ಎಲ್ಲೂ ಇಲ್ಲ, ಅದನ್ನೂ ತರಿಸಿಕೊಳ್ಳಿ. ಬಂದ ಮೇಲೆ ನನಗೊಂದು ಪ್ರತಿ ಕಳಿಸಿ. ಕುವೆಂಪು ವಿಶ್ವವಿದ್ಯಾಲಯದ ಪಠ್ಯಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಇಬ್ಬರೂ ಓದಿ ನೋಡೋಣ.

– ಸಂಪಾದಕ