ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೂ ರೆಪ್ಪೆಯ ಗಾಯದಿಂದ ಕೀವು ಬರುತ್ತಿದ್ದರೆ

ಹದಿನೈದು ದಿನಗಳ ಹಿಂದೆ ಬೇಲಿಯ ಮೇಲೆ ಬಿದ್ದ ನಿಮ್ಮ ತಮ್ಮನ ಮೇಲಿನ ರೆಪ್ಪೆಗೆ ಕಡ್ಡಿ ಚುಚ್ಚಿತೆಂದೂ, ಅಂದೇ ಮಾಡಿಸಿದ ಸಿ.ಟಿ. ಸ್ಕ್ಯಾನ್‌ನಲ್ಲಿ ಏನೂ ಕಾಣದೆ ಹೊಲಿಗೆ ಹಾಕಿ ಕಳುಹಿಸಿದರೆಂದೂ, ಆದರೂ ಕೀವು ಸೋರುವುದು ನಿಂತಿಲ್ಲವೆಂದೂ ಬರೆದಿದ್ದೀರಿ. ಒಳಗೆ ಚೂರು ಉಳಿದಿರಬಹುದೇ ಎಂದು ಕೇಳಿದ್ದೀರಿ. ಉಳಿದಿರಬಹುದು, ಇಲ್ಲವೆಂದು ಖಚಿತವಾಗುವವರೆಗೆ ಇದೆಯೆಂದೇ ತಿಳಿದು ನಡೆಯುವುದು ಕಣ್ಣಿನ ಶಸ್ತ್ರಚಿಕಿತ್ಸಕನಾದ ನನ್ನ ರೂಢಿ.

ಲೋಹದ ಚೂರು ಸಿ.ಟಿ.ಯಲ್ಲಿ ಬೆಳ್ಳಗೆ ಹೊಳೆಯುತ್ತದೆ, ಗಾಜೂ ಬಹುಮಟ್ಟಿಗೆ ಸಿಕ್ಕಿಬೀಳುತ್ತದೆ. ಒಣ ಕಟ್ಟಿಗೆಯಾದರೋ, ತನ್ನ ರಂಧ್ರಗಳಲ್ಲಿ ಗಾಳಿ ತುಂಬಿಕೊಂಡಿರುವುದರಿಂದ, ಮೊದಲ ದಿನಗಳಲ್ಲಿ ಗಾಳಿಯಂತೆಯೇ ಕಪ್ಪಾಗಿ ಕಾಣುತ್ತದೆ. ಗಾಯದೊಡನೆ ಒಳಹೊಕ್ಕ ಗಾಳಿಗುಳ್ಳೆಯೆಂದು ಅದನ್ನು ಬಿಟ್ಟುಬಿಡುವುದು ಸುಲಭ. ದಿನ ಕಳೆದಂತೆ ಅದು ದೇಹದ ದ್ರವವನ್ನು ಹೀರಿಕೊಂಡು ಸುತ್ತಲಿನ ಮಾಂಸದೊಡನೆ ಬೆರೆತಂತೆ ತೋರುತ್ತದೆ. ಕಪ್ಪು ಭಾಗದ ಅಂಚು ಗೆರೆ ಎಳೆದಂತೆ ನೇರವಾಗಿದ್ದರೆ ನಾನು ಅದನ್ನು ಗಾಳಿಯೆಂದು ನಂಬುವುದಿಲ್ಲ.

ಆದ್ದರಿಂದ ವರದಿಯ ಹಾಳೆಯೊಂದನ್ನೇ ಅಲ್ಲ, ಚಿತ್ರಗಳಿರುವ ಸಿ.ಡಿ.ಯನ್ನೂ ಹಿಡಿದು ಕಣ್ಣಿನ ಗೂಡಿನ ಶಸ್ತ್ರಚಿಕಿತ್ಸೆ ಮಾಡುವ ತಜ್ಞರ ಬಳಿ ಹೋಗಿ. 1 ಮಿಲಿಮೀಟರ್ ಆಸುಪಾಸಿನ ತೆಳು ಪದರಗಳಲ್ಲಿ ಸಿ.ಟಿ.ಯನ್ನು ಮತ್ತೆ ಮಾಡಿಸಬೇಕಾಗಬಹುದು. ಒಳಗೆ ಲೋಹವಿಲ್ಲವೆಂದು ತಿಳಿದ ಮೇಲಷ್ಟೇ ಎಂ.ಆರ್.ಐ.; ಬೇಲಿಯಲ್ಲಿ ತಂತಿ ಇತ್ತೇ ಎಂಬುದನ್ನು ಕೇಳದಿದ್ದರೂ ಹೇಳಿ, ಏಕೆಂದರೆ ಕಬ್ಬಿಣದ ಚೂರನ್ನು ಆ ಯಂತ್ರದ ಅಯಸ್ಕಾಂತ ಅಲುಗಿಸಿದರೆ ದೃಷ್ಟಿಯೇ ಹೋಗಬಹುದು.

ಗೂಡಿನ ಆಳದಲ್ಲಿ ತೊಂದರೆ ಕೊಡದೆ ಕುಳಿತ ಗಾಜನ್ನೋ ಸೀಸದ ಗುಂಡನ್ನೋ, ತೆಗೆಯಹೋಗಿ ದೃಷ್ಟಿನರಕ್ಕೆ ಪೆಟ್ಟು ಮಾಡುವುದಕ್ಕಿಂತ, ಅಲ್ಲಿಯೇ ಬಿಡುವುದುಂಟು. ಮರಕ್ಕೆ ಈ ರಿಯಾಯಿತಿ ಇಲ್ಲ. ಅದು ಬ್ಯಾಕ್ಟೀರಿಯಾ, ಶಿಲೀಂಧ್ರಗಳಿಗೆ ಮನೆ. ಆ್ಯಂಟಿಬಯೋಟಿಕ್ ನುಂಗುವಷ್ಟು ದಿನ ಕೀವು ತಗ್ಗಿ, ನಿಲ್ಲಿಸಿದೊಡನೆ ಮರಳುತ್ತಿದ್ದರೆ ನನ್ನ ಅನುಮಾನ ಇನ್ನಷ್ಟು ಬಲವಾಗುತ್ತದೆ. ತೆಗೆಯುವಾಗಲೂ ನೆನೆದ ಕಡ್ಡಿ ತುಂಡಾಗುತ್ತದೆ. ಒಮ್ಮೆ ನಾನೇ ಒಂದು ತುಂಡು ತೆಗೆದು ಕೆಲಸ ಮುಗಿಯಿತೆಂದುಕೊಂಡಿದ್ದೆ; ಮೂರು ವಾರಕ್ಕೆ ರೋಗಿ ಅದೇ ಕೀವಿನೊಡನೆ ಮರಳಿ ಬಂದರು, ಎರಡನೆಯ ತುಂಡು ಗೂಡಿನ ಚಾವಣಿಗೆ ಅಂಟಿಕೊಂಡಿತ್ತು.

ಆ ಚಾವಣಿ ತೀರ ತೆಳುವಾದ ಮೂಳೆ, ಅದರ ಮೇಲೆಯೇ ಮಿದುಳು. ಜ್ವರ, ಹೆಚ್ಚುತ್ತಿರುವ ತಲೆನೋವು, ವಾಂತಿ, ಮಂಪರು, ಕಣ್ಣು ಮುಂದಕ್ಕೆ ಉಬ್ಬುವುದು, ಒಂದು ವಸ್ತು ಎರಡಾಗಿ ಕಾಣುವುದು, ದೃಷ್ಟಿ ಮಸುಕಾಗುವುದು, ಇವುಗಳಲ್ಲಿ ಯಾವುದಿದ್ದರೂ ಬೆಳಗಾಗುವವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿಯವರೆಗೆ ಕೀವನ್ನು ಹಿಸುಕಬೇಡಿ, ತುದಿ ಕಂಡರೂ ಎಳೆಯಬೇಡಿ. ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂಬುದನ್ನೂ ನೋಡಿಕೊಳ್ಳಿ.