671121 ಪ್ರೈಮ್ ಅಲ್ಲ, ಇನ್ನು ಕೇಳ್ಬೇಡಿ

ಪ್ರಶ್ನೆ: ನಮ್ಮ ಕಾಸರಗೋಡಿನ ಪಿನ್‌ಕೋಡ್ 671121 ಅವಿಭಾಜ್ಯ ಸಂಖ್ಯೆ, ಅಂದ್ರೆ 1 ಮತ್ತೆ ಅದೇ ಸಂಖ್ಯೆ ಬಿಟ್ಟು ಬೇರೆ ಯಾವುದ್ರಿಂದಲೂ ಭಾಗ ಹೋಗದ ಪ್ರೈಮ್ ಅಂತ ವಾಟ್ಸಾಪಲ್ಲಿ ಬಂತು ಸಾರ್. 2, 5, 7, 13 ಎಲ್ಲ ಹಾಕಿ ನೋಡಿದೆ, ಭಾಗ ಹೋಗುದಿಲ್ಲ. ಹೌದಾ?

ಉತ್ತರ: ಅಲ್ಲ ಮಾರಾಯ್ರೆ. ಎಷ್ಟು ಸಲ ಹೇಳುದು. 7, 13 ನೋಡಿದವರು ನಡುವಿನ 11 ಯಾಕೆ ಬಿಟ್ರಿ, 3 ಯಾಕೆ ಬಿಟ್ರಿ? ಅಂಕೆ ಎಲ್ಲ ಕೂಡಿದ್ರೆ 18, ಅಂದ್ರೆ 9ರಿಂದ ಹೋಗ್ತದೆ, ಉಳಿದದ್ದು 74569. ಅದ್ರಲ್ಲಿ ಒಂದು ಬಿಟ್ಟು ಒಂದು ಕೂಡಿ, 7, 5, 9 ಸೇರಿ 21, 4 ಮತ್ತೆ 6 ಸೇರಿ 10, ವ್ಯತ್ಯಾಸ 11, ಹಾಗಾಗಿ 11ರಿಂದಲೂ ಹೋಯ್ತು, ಸಿಕ್ಕಿದ್ದು 6779.

ಹೆಚ್ಚಿನವರು ಸುಮ್ನೆ ಬೆವರು ಸುರಿಸುದು ಇಲ್ಲೇ. 671121ರ ವರ್ಗಮೂಲ 819 ಚಿಲ್ರೆ ಅಂತ ಅಲ್ಲಿವರೆಗಿನ 141 ಪ್ರೈಮ್‌ನಿಂದಲೂ ಭಾಗಿಸ್ತಾ ಕೂತ್ಕೊಳ್ತಾರೆ. 99 ಹೊರಗೆ ಹೋದ ಮೇಲೆ ಅದು ಎಂತಕ್ಕೆ? ಕೈಯಲ್ಲಿ ಇರುದು 6779, ವರ್ಗಮೂಲ 82 ಚಿಲ್ರೆ, 79ರಲ್ಲಿ ನಿಲ್ಸಿ. ಅದಕ್ಕಿಂತ ದೊಡ್ಡ ಅಪವರ್ತನ ಇದ್ರೆ ಅದ್ರ ಜೋಡಿ 82ರ ಒಳಗೇ ಸಿಕ್ಬೇಕಲ್ಲ. 59ರಿಂದ ಶೇಷ 53, 79ರಿಂದ 64, ಒಂದೂ ಸರಿ ಹೋಗುದಿಲ್ಲ. ಹಾಗೆ 671121 ಅಂದ್ರೆ 3×3×11×6779, ಕೊನೇದು ಮಾತ್ರ ದೊಡ್ಡ ಪ್ರೈಮ್. ನಾನು ಎರಡೆರಡು ಸಲ ಭಾಗಿಸಿಯೇ ಬರೆಯುದು, ಯಾಕಂದ್ರೆ ಒಮ್ಮೆ ಬೋರ್ಡಲ್ಲಿ 91 ಪ್ರೈಮ್ ಅಂತ ಬರೆದುಬಿಟ್ಟಿದ್ದೆ, ಏಳನೇ ಕ್ಲಾಸಿನ ಹುಡುಗಿ ಎದ್ದು ನಿಂತು 13ರ ಮಗ್ಗಿ ಬರುದಿಲ್ವಾ ಸಾರ್ ಅಂತ ಕೇಳಿದ್ಲು.

ಪ್ರಶ್ನೆ: ಮೊಬೈಲ್ ನಂಬರ್ ಕೂಡಿದ್ರೆ 9 ಬಂದ್ರೆ ಲಕ್ಕಿಯಂತೆ, ನಂಬರ್ ಬದ್ಲಾಯ್ಸಿ ಅಂತ ಒಬ್ರು ಜ್ಯೋತಿಷಿ ದುಡ್ಡು ಕೇಳ್ತಿದ್ದಾರೆ.

ಉತ್ತರ: ಕೊಡ್ಬೇಡಿ. 10ನ್ನು 9ರಿಂದ ಭಾಗಿಸಿದ್ರೆ ಶೇಷ 1, ನೂರು, ಸಾವಿರಕ್ಕೂ ಅದೇ ಕತೆ, ಹಾಗಾಗಿ ಕೂಡಿದ್ರೆ 9 ಬಂತು ಅಂದ್ರೆ ಆ ನಂಬರ್ 9ರಿಂದ ಭಾಗ ಹೋಗ್ತದೆ ಅಂತ ಅಷ್ಟೇ. ಒಂಬತ್ತರಲ್ಲಿ ಒಂದು ನಂಬರ್ ಹಾಗೇ ಇರುದು. ಆ ಜ್ಯೋತಿಷಿಗೆ ಶೇಷ ಅಂದ್ರೆ ಎಂತ ಅಂತ ಕೇಳಿ ನೋಡಿ.

ಪ್ರಶ್ನೆ: ಪ್ರೈಮ್ ನಂಬರಿನ ಲಾಟರಿ ಟಿಕೆಟಿಗೆ ಚಾನ್ಸ್ ಜಾಸ್ತಿ ಉಂಟಾ?

ಉತ್ತರ: ಇಲ್ಲ. 100000ದಿಂದ 999999ರ ಒಳಗೆ 68906 ಪ್ರೈಮ್ ಉಂಟು, ಡ್ರಾ ಮಾಡುವ ಮೆಷಿನಿಗೆ ಅದು ಗೊತ್ತಿಲ್ಲ.

ಪ್ರಶ್ನೆ: ಎಲ್ಲಕ್ಕಿಂತ ದೊಡ್ಡ ಪ್ರೈಮ್ ಯಾವುದು?

ಉತ್ತರ: ಅಂಥದ್ದು ಇಲ್ಲ, ಗ್ರೀಕ್ ಗಣಿತಜ್ಞ ಯೂಕ್ಲಿಡ್ ಎರಡು ಸಾವಿರ ವರ್ಷದ ಹಿಂದೆಯೇ ಸಾಧಿಸಿ ಆಗಿದೆ. 2024ರಲ್ಲಿ ಸಿಕ್ಕಿದ ದೊಡ್ಡದಕ್ಕೆ 41024320 ಅಂಕೆ, ಬರೆದು ಕಳಿಸಿ ಅಂತ ಮಾತ್ರ ಹೇಳ್ಬೇಡಿ.

ಪ್ರಶ್ನೆ: ರಾಮಾನುಜನ್ ನಂಬರ್ 1729...

ಉತ್ತರ: ಬೇಡ.