ಸರಪಳಿಯಲ್ಲಿ ಉಳಿದ ನಾಯಿ

ಪ್ರಶ್ನೆ: ಪಕ್ಕದ ತೋಟದ ಲೈನ್ ಮನೆ (ಕಾರ್ಮಿಕರ ಸಾಲುಮನೆ) ಖಾಲಿಯಾದಾಗ ಹೆಣ್ಣು ನಾಯಿಯೊಂದನ್ನು ಸರಪಳಿಯಲ್ಲೇ ಬಿಟ್ಟು ಹೋಗಿದ್ದರು. ಎಲುಬು ಎಣಿಸುವಷ್ಟು ಬಡಕಲು. ತೋಟದವರನ್ನು ಕೇಳಿ ಮನೆಗೆ ತಂದಿದ್ದೇನೆ. ಮುಂದೇನು ಮಾಡಲಿ?
– ಓದುಗರು, ಸುಂಟಿಕೊಪ್ಪ

ಉತ್ತರ: ಒಳ್ಳೆಯ ಕೆಲಸ ಮಾಡಿದ್ದೀರಿ. ಆದರೆ ಕರುಣೆಯಿಂದ ಹೊಟ್ಟೆ ಬಿರಿಯ ಬಡಿಸಬೇಡಿ. ಬಹುದಿನ ಹಸಿದ ದೇಹಕ್ಕೆ ಒಮ್ಮೆಲೇ ಆಹಾರ ಬಿದ್ದರೆ ರಕ್ತದ ಲವಣಗಳು ಏರುಪೇರಾಗಿ ಜೀವವೇ ಹೋಗಬಹುದು. ಮೊದಲ ವಾರ ದಿನಕ್ಕೆ 4–5 ಸಲ, ಸ್ವಲ್ಪ ಸ್ವಲ್ಪವೇ, ಉಪ್ಪು-ಈರುಳ್ಳಿ ಹಾಕದ ಕೋಳಿ ಅನ್ನ ಕೊಡಿ. ಬೇಯಿಸಿದ ಮೂಳೆ ಬೇಡ.

ತುಟಿ ಎತ್ತಿ ವಸಡು ನೋಡಿ. ಬಿಳಿಚಿದ್ದರೆ ಉಣ್ಣಿ ಜ್ವರವೋ ಕೊಕ್ಕೆಹುಳುವೋ ಇರಬಹುದು, ತಡಮಾಡದೆ ರಕ್ತಪರೀಕ್ಷೆ ಮಾಡಿಸಿ. ಒಂದೇ ಹೊಳ್ಳೆಯಿಂದ ರಕ್ತ ಸೋರುತ್ತಿದ್ದರೆ ನಮ್ಮ ಮಳೆಗಾಲದಲ್ಲಿ ಮೊದಲ ಅನುಮಾನ ಜಿಗಣೆಯ ಮೇಲೆ. ಮೂಗಿನ ಹತ್ತಿರ ನೀರಿನ ಬಟ್ಟಲು ಹಿಡಿದರೆ ಕೆಲವೊಮ್ಮೆ ಅದು ಹೊರಗೆ ತಲೆ ಚಾಚುತ್ತದೆ. ಮೂಗಿಗೆ ಉಪ್ಪು ಮಾತ್ರ ಹಾಕಬೇಡಿ, ವೈದ್ಯರೇ ತೆಗೆಯಲಿ. ಕೊರಳಪಟ್ಟಿ ಚರ್ಮದೊಳಗೆ ಹೂತಿದ್ದರೂ ಹಾಗೆಯೇ, ಎಳೆಯಬಾರದು.

ಮನೆಯ ನಾಯಿಗಳಿಂದ ಎರಡು ವಾರ ದೂರವಿಡಿ. ಜಂತುಹುಳು ಔಷಧಿ, ರೇಬೀಸ್ ಲಸಿಕೆ ಆಗಲಿ. ಮೈತುಂಬಿದ ಮೇಲೆ ಸಂತಾನಹರಣ ಚಿಕಿತ್ಸೆ ಮಾಡಿಸಿ. ಬೇರೆಯವರಿಗೆ ಸಾಕಲು ಕೊಡುವುದಾದರೆ ಅದಾದ ಮೇಲೆಯೇ ಕೊಡಿ.

ಕೇಳಿದವರಿಗೆಲ್ಲ ಕೊಡಬೇಡಿ. ಅವರ ಮನೆಗೆ ನೀವೇ ಹೋಗಿ, ರಾತ್ರಿ ಎಲ್ಲಿ ಮಲಗಿಸುತ್ತೀರಿ ಎಂದು ಕೇಳಿ. ಚಿರತೆ ಓಡಾಡುವ ಊರಲ್ಲಿ ಅಂಗಳದ ಕಂಬಕ್ಕೆ ಕಟ್ಟಿದ ನಾಯಿ ಉಳಿಯುವುದಿಲ್ಲ. ಹೊಸ ಮನೆಯಲ್ಲಿ ಮೊದಲ ಮೂರು ವಾರ ಹಗ್ಗವಿಲ್ಲದೆ ಹೊರಗೆ ಬಿಡದಿರಲಿ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹತ್ತಿರವಿದ್ದರೆ ಅದು ಮುಗಿದ ಮೇಲೆಯೇ ಕಳಿಸಿ, ಹಬ್ಬದಲ್ಲಿ ಹಾರಿಸುವ ಕೋವಿಯ ಸದ್ದಿಗೆ ಬೆದರಿ ಓಡಿದ ನಾಯಿಗೆ ಹೊಸ ಮನೆಯ ದಾರಿ ತಿಳಿದಿರುವುದಿಲ್ಲ. ಸಾಕಲಾಗದಿದ್ದರೆ ನಿಮಗೇ ಮರಳಿಸುತ್ತೇವೆಂದು ಬರೆಸಿಕೊಳ್ಳಿ.